ಅರೆನುಡಿಯ ಅಪ್ಪಣೆ

ಮಾತನ್ನು ಪೂರ್ತಿ ಆಡಿ ಮುಗಿಸುವುದಕ್ಕೆ ಮೊದಲೇ ಅದರ ಅಭಿಪ್ರಾಯವನ್ನು ಹಿಡಿದುಬಿಡುವುದು ಒಟ್ಟಿಗೆ ಬಾಳುವವರ ಲಕ್ಷಣ. ಅಡಿಗೆಮನೆಯಿಂದ ತಾಯಿ "ಆ ಸೌಟು" ಎಂದರೆ ಸಾಕು, ಮಗಳು ಅದನ್ನು ತಂದು ಕೈಗಿಡುತ್ತಾಳೆ. "ತಂದುಕೊಡು" ಎಂಬ ಕ್ರಿಯಾಪದವನ್ನು ತಾಯಿ ಆಡಲೇ ಇಲ್ಲ. ಮಗಳು ತಾನೇ ಅದನ್ನು ತುಂಬಿಕೊಂಡಳು. ವ್ಯಾಕರಣ ಬಲ್ಲವರು ಇದಕ್ಕೆ ಅಧ್ಯಾಹಾರವೆಂದು ಹೆಸರಿಟ್ಟಿದ್ದಾರೆ. ಆಡದೆ ಬಿಟ್ಟ ಮಾತನ್ನು ಸಂದರ್ಭ ನೋಡಿ ಕೂಡಿಸಿಕೊಳ್ಳುವುದೇ ಅಧ್ಯಾಹಾರ. ಮನುಷ್ಯರಿಗೆ ಸಹಜವಾದ ಈ ವಿದ್ಯೆಯನ್ನು ಒಂದು ಯಂತ್ರ ಹೇಗೆ ಕಲಿಯಿತು, ಯಾರು ಕಲಿಸಿದರು, ಅದರಿಂದ ನಮಗಾದ ಲಾಭವೇನು, ನಾವು ವಹಿಸಬೇಕಾದ ಎಚ್ಚರವೇನು ಎಂಬುದೇ ಈ ಲೇಖನದ ವಿಷಯ.

ನಿಮ್ಮ ಮನೆಯಲ್ಲೋ ಮಕ್ಕಳ ಮೇಜಿನ ಮೇಲೋ ಕಂಪ್ಯೂಟರು ಇದ್ದರೆ ಈ ವಿದ್ಯೆಯನ್ನು ನೀವು ದಿನವೂ ಕಾಣುತ್ತೀರಿ. ವಿಂಡೋಸ್ ಯಂತ್ರವಾದರೆ ಕಿಟಕಿಯ ಗುರುತಿರುವ ಗುಂಡಿಯನ್ನು, ಮ್ಯಾಕ್ ಯಂತ್ರವಾದರೆ ಕಮಾಂಡ್ ಗುಂಡಿಯ ಜೊತೆಗೆ ಸ್ಪೇಸ್ ಗುಂಡಿಯನ್ನು ಒತ್ತಿದೊಡನೆ ಪರದೆಯ ಮೇಲೆ ಬರೆಯುವುದಕ್ಕೆ ಒಂದು ಸಣ್ಣ ಜಾಗ ತೆರೆಯುತ್ತದೆ. ಲೆಕ್ಕ ಮಾಡುವ ಕ್ಯಾಲ್ಕ್ಯುಲೇಟರ್ ನಿಮಗೆ ಬೇಕಾಗಿದೆ ಎನ್ನೋಣ. ಅದರ ಹೆಸರಿನ ಮೊದಲ ಎರಡು ಮೂರು ಅಕ್ಷರಗಳನ್ನು ಒತ್ತುವಷ್ಟರಲ್ಲಿ ಪೂರ್ತಿ ಹೆಸರು ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಎಂಟರ್ ಗುಂಡಿಯನ್ನು ಒತ್ತಿದರೆ ಕೆಲಸ ಆಯಿತು. ಹೀಗೆ ಕರೆದ ಪ್ರೋಗ್ರಾಮನ್ನು ಎಬ್ಬಿಸಿ ಕೊಡುವ ಸಾಧನಕ್ಕೆ ಲಾಂಚರ್ ಎಂದು ಹೆಸರು. ಇಂದಿನ ಮಕ್ಕಳು ಇದನ್ನು ನೀರು ಕುಡಿದಷ್ಟು ಸುಲಭವಾಗಿ ಬಳಸುತ್ತಾರೆ. ಆದರೆ ಇದರ ಹಿಂದೆ ಸುಮಾರು 60 ವರ್ಷಗಳ ಚರಿತ್ರೆಯುಂಟು.

ಮೊದಲು ಆ ಕಾಲದ ಯಂತ್ರವನ್ನು ಮನಸ್ಸಿಗೆ ತಂದುಕೊಳ್ಳಿ. 1961ರ ನವೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು ಒಂದು ಹೊಸ ಏರ್ಪಾಟನ್ನು ಮಾಡಿ ತೋರಿಸಿದರು. ಒಂದೇ ದೊಡ್ಡ ಕಂಪ್ಯೂಟರು ತನ್ನ ಕಾಲವನ್ನು ಹಲವರಿಗೆ ಚೂರುಚೂರಾಗಿ ಹಂಚುತ್ತದೆ. ಪ್ರತಿಯೊಬ್ಬನಿಗೂ ಯಂತ್ರವೆಲ್ಲ ತನ್ನದೇ ಎಂಬಂತೆ ತೋರುತ್ತದೆ. ಅಲ್ಲಿಂದ ಮುಂದೆ ಮನುಷ್ಯನು ಯಂತ್ರದ ಎದುರು ಕುಳಿತು ಅಪ್ಪಣೆ ಕೊಡುವುದು, ಯಂತ್ರ ಆಗಿಂದಾಗ ಉತ್ತರ ಹೇಳುವುದು ರೂಢಿಗೆ ಬಂತು. ಈ ಸಂವಾದ ನಡೆಯುತ್ತಿದ್ದುದು ಪರದೆಯ ಮೇಲಲ್ಲ, ಕಾಗದದ ಸುರುಳಿಯ ಮೇಲೆ. ಟೆಲಿಪ್ರಿಂಟರಿನಂಥ ಯಂತ್ರವೇ ಬಾಯಿ, ಅದೇ ಕಿವಿ. 1963ರಲ್ಲಿ ಬಂದು ಬಹಳ ಕಡೆ ಬಳಕೆಯಾದ ಟೆಲಿಟೈಪ್ 33 ಎಂಬ ಮಾದರಿ ಸೆಕೆಂಡಿಗೆ 10 ಅಕ್ಷರಗಳನ್ನು ಮಾತ್ರ ಅಚ್ಚು ಮಾಡಬಲ್ಲದಾಗಿತ್ತು. 60 ಅಕ್ಷರಗಳ ಒಂದು ಸಾಲು ಮುಗಿಯಬೇಕಾದರೆ 6 ಸೆಕೆಂಡು ಕಾಯಬೇಕು. ಗುಂಡಿಗಳೋ ಬೆರಳು ನೋಯುವಷ್ಟು ಬಿಗಿ. ಇಂಥಲ್ಲಿ ಅಕ್ಷರವೊಂದು ಉಳಿದರೆ ಅದೇ ಲಾಭ.

ಈ ಕಷ್ಟದಿಂದ ಪಾರಾಗಲು ಎರಡು ದಾರಿಗಳು ಕಂಡವು. ಒಂದು, ಹೆಸರನ್ನೇ ಮೊಟಕುಮಾಡುವುದು. ಇನ್ನೊಂದು, ಹೆಸರು ಉದ್ದವಾಗಿಯೇ ಇರಲಿ, ಅದನ್ನು ಪೂರ್ತಿ ಬರೆಯುವ ಶ್ರಮವನ್ನು ಯಂತ್ರಕ್ಕೆ ಒಪ್ಪಿಸುವುದು. ನಾನು ಮುಂದೆ ಹೇಳುವುದೆಲ್ಲ ಈ ಎರಡು ದಾರಿಗಳ ಕಥೆ.

ಮೊದಲ ದಾರಿಯಲ್ಲಿ ನಡೆದವರಲ್ಲಿ ಹೆಚ್ಚು ಹೆಸರಾದವರು ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ. 1969ರಲ್ಲಿ ಅವರು ತೊಡಗಿದ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಪ್ರತಿ ಮಾಡು ಎನ್ನುವುದಕ್ಕೆ ಕಾಪಿ ಎಂದು ಬರೆಯಬೇಕಾಗಿಲ್ಲ, ಸಿ, ಪಿ ಎಂಬ ಎರಡೇ ಅಕ್ಷರ. ಸ್ಥಳ ಬದಲಿಸುವುದಕ್ಕೆ ಎಂ, ವಿ. ಅಳಿಸುವುದಕ್ಕೆ ಆರ್, ಎಂ. ಕಡತಗಳ ಪಟ್ಟಿ ತೋರಿಸುವುದಕ್ಕೆ ಎಲ್, ಎಸ್. ಬೆರಳಿಗೆ ಇದರಷ್ಟು ಹಿತ ಬೇರೆ ಇಲ್ಲ. ಆದರೆ ಹೊಸಬನಿಗೆ ಇದು ಒಡಪಿನಂತೆ. ಕಲಿತವನು ಬರೆದುದನ್ನು ಕಲಿಯದವನು ನೋಡಿದರೆ ಒಂದಕ್ಷರವೂ ಅರ್ಥವಾಗದು. ಸೂತ್ರ ಬಾಯಿಗೆ ಬಂದವನಿಗೆ ಸಂತೋಷ. ವೃತ್ತಿಯಿಲ್ಲದೆ ಸೂತ್ರ ಓದುವವನಿಗೆ ಸಂಕಟ. ವಿದ್ಯೆ ಹೀಗೆ ಒಂದು ಗುಂಪಿನವರ ಗುಟ್ಟಾಗಿ ಉಳಿಯುವ ಅಪಾಯ ಇದರಲ್ಲಿತ್ತು.

ಎರಡನೆಯ ದಾರಿ ತೆರೆದದ್ದು ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ. 1964ರಲ್ಲಿ ಆರಂಭವಾದ ಪ್ರಾಜೆಕ್ಟ್ ಜೀನಿ ಎಂಬ ಯೋಜನೆಯಲ್ಲಿ ಬಟ್ಲರ್ ಲ್ಯಾಂಪ್ಸನ್, ಪೀಟರ್ ಡಾಯ್ಚ್ ಮೊದಲಾದವರು ದುಡಿದರು. ಅವರ ಶ್ರಮದಿಂದ ರೂಪುಗೊಂಡ ಎಸ್‌ಡಿಎಸ್ 940 ಎಂಬ ಯಂತ್ರದ ವ್ಯವಸ್ಥೆ ಅಪ್ಪಣೆಯ ಮೊದಲ ಅಕ್ಷರಗಳನ್ನು ನೋಡಿ ಉಳಿದುದನ್ನು ತಾನೇ ತುಂಬುತ್ತಿತ್ತು. ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ತೆರೆ, ತೆಗೆ, ತಿದ್ದು ಎಂದು ಮೂರೇ ಅಪ್ಪಣೆಗಳಿವೆ ಎಂದಿಟ್ಟುಕೊಳ್ಳಿ. ನೀವು "ತಿ" ಎಂದು ಬರೆದರೆ ಅದು ತಿದ್ದು ಅಲ್ಲದೆ ಬೇರೆ ಆಗಲಾರದು. ಯಂತ್ರ "ದ್ದು" ಎಂಬುದನ್ನು ಸೇರಿಸಬಹುದು. "ತೆ" ಎಂದರೆ ಸಂದೇಹ. ಇನ್ನೊಂದು ಅಕ್ಷರಕ್ಕೆ ಕಾಯಬೇಕು.

ಬರ್ಕ್‌ಲಿಯ ಯಂತ್ರ ಸಂದೇಹ ತೀರಿದ ಆ ಗಳಿಗೆಯಲ್ಲೇ, ಯಾರ ಅನುಮತಿಗೂ ಕಾಯದೆ, ಉಳಿದುದನ್ನು ಬರೆದುಬಿಡುತ್ತಿತ್ತು. ಇದರಿಂದ ಒಂದು ತೊಡಕು ಬಂತು. ಬರೆಯುವವನ ಕೈ ಯಂತ್ರಕ್ಕಿಂತ ಮುಂದಿದ್ದರೆ, ಅವನು ಒತ್ತಿದ ಹೆಚ್ಚಿನ ಅಕ್ಷರಗಳು ಮುಂದಿನ ಮಾತಿನ ತಲೆಗೆ ಅಂಟಿಕೊಳ್ಳುತ್ತಿದ್ದವು. ಮತ್ತೊಂದು ತೊಡಕು ಇನ್ನೂ ಸೂಕ್ಷ್ಮವಾದುದು. ಇಂದು "ತಿ" ಎಂದರೆ ತಿದ್ದು ಒಂದೇ. ನಾಳೆ ಯಾರೋ ತಿರುಗಿಸು ಎಂಬ ಹೊಸ ಅಪ್ಪಣೆಯನ್ನು ಸೇರಿಸಿದರೆ? ನಿನ್ನೆ ಸಾಕಾಗಿದ್ದ ಅಕ್ಷರ ಇಂದು ಸಾಲದು. ಒಂದು ಹೆಸರಿಗೆ ಎಷ್ಟು ಅಕ್ಷರ ಸಾಕು ಎಂಬುದು ಆ ಹೆಸರೊಂದರಿಂದ ತೀರ್ಮಾನವಾಗುವುದಿಲ್ಲ, ಅದರ ನೆರೆಹೊರೆಯಲ್ಲಿ ಯಾವ ಹೆಸರುಗಳಿವೆ ಎಂಬುದರಿಂದ ತೀರ್ಮಾನವಾಗುತ್ತದೆ. ಒಂದೇ ತರಗತಿಯಲ್ಲಿ ಇಬ್ಬರು ಸುಬ್ಬರಾಯರು ಸೇರಿದರೆ ಉಪಾಧ್ಯಾಯರಿಗೆ ಒದಗುವ ಪಾಡೇ ಇದು.

ಈ ತೊಡಕನ್ನು ಬಿಡಿಸಿದವರು ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿನ ಬೋಲ್ಟ್, ಬೆರಾನೆಕ್ ಮತ್ತು ನ್ಯೂಮನ್ ಎಂಬ ಸಂಸ್ಥೆಯವರು. ಡೇನಿಯಲ್ ಬಾಬ್ರೊ, ಜೆರಿ ಬರ್ಚ್‌ಫೀಲ್, ಡ್ಯಾನ್ ಮರ್ಫಿ, ರೇ ಟಾಮ್ಲಿನ್‌ಸನ್ ಇವರು ಸೇರಿ ಪಿಡಿಪಿ 10 ಎಂಬ ಯಂತ್ರಕ್ಕಾಗಿ ಟೆನೆಕ್ಸ್ ಎಂಬ ವ್ಯವಸ್ಥೆಯನ್ನು 1969ರಲ್ಲಿ ಹಿಡಿದು 1970ರಲ್ಲಿ ನಡೆಯುವಂತೆ ಮಾಡಿದರು. ಇವರಲ್ಲಿ ಟಾಮ್ಲಿನ್‌ಸನ್ನರ ಹೆಸರನ್ನು ನೀವು ಕೇಳಿರಬಹುದು; 1971ರಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಮಿಂಚಂಚೆಯನ್ನು ಕಳಿಸಿದವರು ಅವರೇ. ಟೆನೆಕ್ಸಿನಲ್ಲಿ ಯಂತ್ರ ತಾನಾಗಿ ಬಾಯಿ ಹಾಕುವುದಿಲ್ಲ. ನೀವು ಕೆಲವು ಅಕ್ಷರ ಬರೆದು ಎಸ್ಕೇಪ್ ಎಂಬ ಗುಂಡಿಯನ್ನು ಒತ್ತಬೇಕು. "ಇನ್ನು ನೀನು ಪೂರೈಸು" ಎಂದು ಹೇಳಿದಂತೆ ಅದು. ಅಕ್ಷರಗಳು ಒಂದೇ ಹೆಸರಿಗೆ ಹೊಂದಿದರೆ ಯಂತ್ರ ಉಳಿದುದನ್ನು ಕಾಗದದ ಮೇಲೆ ಅಚ್ಚು ಮಾಡುತ್ತದೆ. ಎರಡಕ್ಕೆ ಹೊಂದಿದರೆ ಊಹೆ ಮಾಡುವುದಿಲ್ಲ. ಗಂಟೆ ಬಾರಿಸಿ ಸುಮ್ಮನಾಗುತ್ತದೆ. ಮುಂದೆ ಏನು ಬರೆಯಬಹುದೆಂದು ನಿಮಗೆ ತೋಚದಿದ್ದರೆ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ಆಯಿತು, ಪಟ್ಟಿ ಬರುತ್ತದೆ. ಎಂಟೆಂಟು ಅಕ್ಷರದ 20 ಹೆಸರುಗಳನ್ನು ಅಚ್ಚು ಮಾಡಲು ಆ ನಿಧಾನದ ಯಂತ್ರಕ್ಕೆ 16 ಸೆಕೆಂಡಾದರೂ ಬೇಕು. ಆದುದರಿಂದ ಕೇಳಿದಾಗ ಮಾತ್ರ ಪಟ್ಟಿ, ಕೇಳದಿದ್ದರೆ ಮೌನ.

ಟೆನೆಕ್ಸಿನ ಇನ್ನೊಂದು ಗುಣ ನಮ್ಮಂಥ ಭಾಷಾಬೋಧಕರಿಗೆ ಬಹಳ ಹಿಡಿಸುವಂಥದು. ಕಾಪಿ ಎಂಬ ಅಪ್ಪಣೆಯ ಮೊದಲ ಕೆಲವು ಅಕ್ಷರ ಬರೆದು ಎಸ್ಕೇಪ್ ಒತ್ತಿದರೆ, ಯಂತ್ರ ಆ ಪದವನ್ನು ಮುಗಿಸಿದ ಮೇಲೆ ಕಂಸದೊಳಗೆ "ಇದರಿಂದ" ಎಂಬರ್ಥದ ಪದವೊಂದನ್ನು ಸೇರಿಸುತ್ತಿತ್ತು. ನೀವು ಮೂಲ ಕಡತದ ಹೆಸರನ್ನು ಕೊಟ್ಟಮೇಲೆ "ಇದಕ್ಕೆ" ಎಂಬರ್ಥದ ಇನ್ನೊಂದು ಪದ. ಇವುಗಳಿಂದ ಯಂತ್ರಕ್ಕೆ ಏನೂ ಆಗಬೇಕಾಗಿರಲಿಲ್ಲ. ಅವು ಮನುಷ್ಯನಿಗಾಗಿ ಇದ್ದ ಮಾತುಗಳು. ನೋಡಿ, ಇವು ನಮ್ಮ ಪಂಚಮೀ ಚತುರ್ಥೀ ವಿಭಕ್ತಿಗಳ ಕೆಲಸವನ್ನೇ ಮಾಡುತ್ತಿವೆ! ಯಾವುದರಿಂದ ಯಾವುದಕ್ಕೆ ಎಂಬುದು ಅದಲುಬದಲಾದರೆ ಹೊಸ ಕಡತದ ಮೇಲೆ ಹಳೆಯದು ಕುಳಿತು ದುಡಿಮೆಯೆಲ್ಲ ಹಾಳಾದೀತು. ಒಂದು ಪದ ಕೇಳಿದೊಡನೆ ಮುಂದೆ ಏನು ಎಂಬ ಅಪೇಕ್ಷೆ ಹುಟ್ಟುವುದನ್ನು ನಮ್ಮ ಶಾಸ್ತ್ರಕಾರರು ಆಕಾಂಕ್ಷೆ ಎಂದು ಕರೆದರು. ಟೆನೆಕ್ಸ್ ಆ ಆಕಾಂಕ್ಷೆಯನ್ನು ಗುರುತಿಸಿ ಬಾಯಿಬಿಟ್ಟು ಹೇಳಿತು.

ಇದರ ಫಲವನ್ನು ಸ್ವಲ್ಪ ಯೋಚಿಸಿ. ಕೈಗೆ ಕೆಲವೇ ಅಕ್ಷರದ ಶ್ರಮ. ಕಾಗದದ ಮೇಲೆ ಪೂರ್ಣ ವಾಕ್ಯ. ಮರುದಿನ ಇನ್ನೊಬ್ಬನು ಆ ಸುರುಳಿಯನ್ನು ಬಿಚ್ಚಿ ಓದಿದರೂ ನಡೆದದ್ದೇನೆಂದು ತಿಳಿಯುತ್ತಿತ್ತು. ಮೊದಲ ದಾರಿಯವರು ಕೈಯನ್ನು ಉಳಿಸಲು ಕಣ್ಣಿಗೆ ಕತ್ತಲೆ ತಂದರು. ಎರಡನೆಯ ದಾರಿಯವರು ಕೈಗೂ ಕಣ್ಣಿಗೂ ನ್ಯಾಯ ದೊರಕಿಸಿದರು. ಪೂರ್ಣಪದಗಳು ಯಂತ್ರಲೋಕದಲ್ಲಿ ಬದುಕಿ ಉಳಿಯಲು ಈ ಉಪಾಯ ದೊಡ್ಡ ಆಸರೆಯಾಯಿತು ಎನ್ನಬೇಕು.

ಇಷ್ಟು ಬೇಗ ಹೆಸರನ್ನು ಹುಡುಕಲು ಯಂತ್ರಕ್ಕೆ ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ನಿಘಂಟು ನೋಡುವ ಕ್ರಮವನ್ನು ನೆನೆದರೆ ಇದು ತಿಳಿಯುತ್ತದೆ. ಅಮರಕೋಶದಲ್ಲಿ ಪದಗಳು ವಿಷಯಕ್ಕನುಸಾರವಾಗಿ ವರ್ಗವರ್ಗವಾಗಿವೆ; ಅದನ್ನು ಬಾಯಿಪಾಠ ಮಾಡಿದವನಿಗೆ ಮಾತ್ರ ಅದರೊಳಗೆ ದಾರಿ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಾದರೋ ಅಕಾರಾದಿ ಕ್ರಮ. ಮೊದಲ ಅಕ್ಷರ ಒಂದು ಬಾಗಿಲು, ಎರಡನೆಯದು ಅದರೊಳಗಿನ ಇನ್ನೊಂದು ಬಾಗಿಲು. ಒಂದೊಂದು ಬಾಗಿಲು ದಾಟಿದಂತೆ ಉಳಿಯುವ ಪದಗಳು ಕಡಮೆಯಾಗುತ್ತ ಹೋಗುತ್ತವೆ. ಯಂತ್ರದ ನೆನಪಿನಲ್ಲಿ ಇದನ್ನೇ ಮರದ ಕೊಂಬೆಗಳಂತೆ ಏರ್ಪಡಿಸಬಹುದು. ಒಂದೊಂದು ಅಕ್ಷರಕ್ಕೆ ಒಂದೊಂದು ಕವಲು. ಕವಲೊಡೆಯುವುದು ನಿಂತು ಒಂದೇ ಕೊಂಬೆ ಉಳಿದರೆ ಪದ ಸಿಕ್ಕಿತೆಂದು ಅರ್ಥ. ಎಡ್ವರ್ಡ್ ಫ್ರೆಡ್‌ಕಿನ್ ಎಂಬವರು 1960ರಲ್ಲಿ ಈ ಏರ್ಪಾಟನ್ನು ವಿವರಿಸಿ ಅದಕ್ಕೆ ಟ್ರೈ ಎಂದು ಹೆಸರಿಟ್ಟರು. ಪಟ್ಟಿಯಲ್ಲಿ ನೂರು ಹೆಸರಿರಲಿ, ಸಾವಿರವಿರಲಿ, ನಡೆಯಬೇಕಾದ ಹೆಜ್ಜೆ ನೀವು ಬರೆದ ಅಕ್ಷರಗಳಷ್ಟೇ. ಪದಪೂರಣಕ್ಕೆ ಇದೊಂದೇ ಸಾಧನವಲ್ಲ. ಆದರೂ ವಿಷಯವನ್ನು ತಿಳಿಯಲು ಇದು ಬಹಳ ಸುಲಭವಾದ ಚಿತ್ರ.

ಟೆನೆಕ್ಸಿನ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪೆನಿ ಅದನ್ನು ಕೊಂಡು ಬೆಳೆಸಿ 1976ರಲ್ಲಿ ಟಾಪ್ಸ್ 20 ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಹೆಸರು ಮೊಟಕುಮಾಡಿದ ಯುನಿಕ್ಸಿನವರ ಬೀಡಿಗೂ ಈ ವಿದ್ಯೆ ನುಗ್ಗಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಕೆನ್ ಗ್ರಿಯರ್ ಎಂಬವರು 1975ರಲ್ಲಿ ಟೆನೆಕ್ಸಿನ ಮಾದರಿಯಲ್ಲಿ ಕಡತಗಳ ಹೆಸರನ್ನು ಪೂರೈಸುವ ಕೆಲಸಕ್ಕೆ ಕೈಹಾಕಿ, 1981ರಲ್ಲಿ ಅದನ್ನು ಯುನಿಕ್ಸಿನ ಅಪ್ಪಣೆ ಕೇಳುವ ಪ್ರೋಗ್ರಾಮಿಗೆ ಜೋಡಿಸಿದರು. 1983ರಲ್ಲಿ ಮೈಕ್ ಎಲಿಸ್ ಎಂಬವರು ಅಪ್ಪಣೆಗಳ ಹೆಸರನ್ನೂ ಪೂರೈಸುವಂತೆ ಮಾಡಿದರು. ಹೀಗೆ ಹುಟ್ಟಿದ ಟಿಸಿ ಶೆಲ್ ಎಂಬುದರ ಹೆಸರಿನಲ್ಲಿರುವ "ಟಿ" ಅಕ್ಷರ ಟೆನೆಕ್ಸಿನ ಸ್ಮಾರಕವಾಗಿ ನಿಂತಿದೆ. 1989ರಲ್ಲಿ ಬ್ರಯನ್ ಫಾಕ್ಸ್ ಬರೆದ ಬ್ಯಾಶ್ ಎಂಬ ಪ್ರೋಗ್ರಾಮಿನಲ್ಲಿ ಎಸ್ಕೇಪಿನ ಈ ಕೆಲಸ ಟ್ಯಾಬ್ ಗುಂಡಿಯ ಪಾಲಿಗೆ ಬಂತು. ಸಂದೇಹವಿದ್ದರೆ ಮೊದಲ ಸಲ ಒತ್ತಿದಾಗ ಗಂಟೆಯ ಸದ್ದು, ಎರಡನೆಯ ಸಲ ಒತ್ತಿದರೆ ಪಟ್ಟಿ. ಹಳೆಯ ಮರ್ಯಾದೆ ತಪ್ಪಲಿಲ್ಲ.

ಇಷ್ಟರಲ್ಲಿ ಕಾಲ ಬದಲಾಯಿತು. 1984ರಲ್ಲಿ ಮ್ಯಾಕಿಂಟಾಷ್ ಬಂದಮೇಲೆ ಅಪ್ಪಣೆಯನ್ನು ಬರೆಯುವುದಕ್ಕಿಂತ ಚಿತ್ರವನ್ನು ಮುಟ್ಟಿ ತೋರಿಸುವುದೇ ಸಾಮಾನ್ಯ ಜನರ ಪದ್ಧತಿಯಾಯಿತು. 1995ರಲ್ಲಿ ಬಂದ ವಿಂಡೋಸಿನಲ್ಲಿ ಸ್ಟಾರ್ಟ್ ಎಂಬ ಗುಂಡಿಯನ್ನು ಒತ್ತಿದರೆ ಪ್ರೋಗ್ರಾಮುಗಳ ಪಟ್ಟಿ ಮಹಡಿಯಂತೆ ಎದ್ದು ನಿಲ್ಲುತ್ತಿತ್ತು. ಹತ್ತು ಸಾಮಾನಿರುವ ಮನೆಯಲ್ಲಿ ಕಣ್ಣಳತೆಯೇ ಸಾಕು. ಸಾವಿರ ಡಬ್ಬಿಯಿರುವ ಅಂಗಡಿಯಲ್ಲಿ ಹೆಸರು ಹೇಳಿ ಕೇಳುವುದೇ ಮೇಲು. ಪ್ರೋಗ್ರಾಮುಗಳು ಹೆಚ್ಚಿದಂತೆ ಪಟ್ಟಿಯೊಳಗೆ ಪಟ್ಟಿ ತೆರೆದು ಹುಡುಕುವುದು ಬೇಸರದ ಕೆಲಸವಾಯಿತು. ಬರೆದು ಕರೆಯುವ ಹಳೆಯ ವಿದ್ಯೆ ಆಗ ಹೊಸ ವೇಷದಲ್ಲಿ ಮರಳಿ ಬಂತು.

ಆಸ್ಟ್ರಿಯ ದೇಶದ ವಿಯೆನ್ನಾ ನಗರದ ಆಬ್ಜೆಕ್ಟಿವ್ ಡೆವಲಪ್‌ಮೆಂಟ್ ಎಂಬ ಸಂಸ್ಥೆಯವರು 1990ರ ದಶಕದಲ್ಲಿ ನೆಕ್ಸ್ಟ್ ಯಂತ್ರಗಳಿಗಾಗಿ ಲಾಂಚ್‌ಬಾರ್ ಎಂಬುದನ್ನು ಮಾಡಿದರು. 2001ರಲ್ಲಿ ಅದು ಮ್ಯಾಕ್ ಯಂತ್ರಗಳಿಗೂ ಬಂತು. 2003ರಲ್ಲಿ ನಿಕೊಲಸ್ ಜಿಟ್‌ಕಾಫ್ ಎಂಬವರ ಕ್ವಿಕ್‌ಸಿಲ್ವರ್ ಬಂತು. 2005ರ ಏಪ್ರಿಲಿನಲ್ಲಿ ಆ್ಯಪಲ್ ಕಂಪೆನಿಯೇ ಸ್ಪಾಟ್‌ಲೈಟ್ ಎಂಬ ಶೋಧಕವನ್ನು ಮ್ಯಾಕಿನಲ್ಲಿ ಸೇರಿಸಿತು. 2007ರಲ್ಲಿ ವಿಂಡೋಸ್ ವಿಸ್ತಾದ ಸ್ಟಾರ್ಟ್ ಪಟ್ಟಿಯಲ್ಲಿ ಬರೆಯುವ ಜಾಗ ತೆರೆಯಿತು. 2008ರ ಜನವರಿಯಲ್ಲಿ ಕೆಡಿಇ ಎಂಬ ಬಳಗದವರು ಲಿನಕ್ಸ್ ಬಳಸುವವರಿಗೆ ಕೆರನ್ನರ್ ಅನ್ನು ಕೊಟ್ಟರು. ಏಳೆಂಟು ವರ್ಷಗಳಲ್ಲಿ ಪಂಡಿತರ ಗುಟ್ಟು ಮನೆಮನೆಯ ಬಳಕೆಯಾಯಿತು.

ಹಳೆಯದಕ್ಕೂ ಈ ಹೊಸದಕ್ಕೂ ಎರಡು ಮುಖ್ಯ ಭೇದಗಳುಂಟು. ಟೆನೆಕ್ಸಿನಲ್ಲಿ ಹೆಸರಿನ ಆರಂಭದ ಅಕ್ಷರಗಳನ್ನೇ ಕ್ರಮವಾಗಿ ಬರೆಯಬೇಕಾಗಿತ್ತು. ಲಾಂಚ್‌ಬಾರ್ ಮತ್ತು ಕ್ವಿಕ್‌ಸಿಲ್ವರಿನಲ್ಲಿ ನಡುನಡುವಿನ ಅಕ್ಷರಗಳನ್ನು ಆಯ್ದು ಬರೆದರೂ ಸಾಕು. ಕನ್ನಡಿಗರಿಗೆ ಇದು ಹೊಸತಲ್ಲ. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ಎಂದರೆ ಒಂದು ಗಳಿಗೆ ಯೋಚಿಸುವವರು ತರಾಸು ಎಂದೊಡನೆ ತಲೆದೂಗುತ್ತಾರೆ. ಅನಕೃ ಎಂದರೂ ಹಾಗೆಯೇ. ಪದಗಳ ತಲೆಯಕ್ಷರವನ್ನು ಹೆಕ್ಕಿ ಹೆಸರು ಕಟ್ಟುವ ನಮ್ಮ ರೂಢಿಯನ್ನೇ ಈ ಲಾಂಚರುಗಳೂ ಮಾನ್ಯ ಮಾಡಿದವು. ಕ್ವಿಕ್‌ಸಿಲ್ವರಿನಲ್ಲಿ ಇನ್ನೊಂದು ಸ್ವಾರಸ್ಯವೂ ಇತ್ತು. ಅಲ್ಲಿ ಮೊದಲು ವಸ್ತುವನ್ನು ಹೆಸರಿಸಬೇಕು, ಆಮೇಲೆ ಮಾಡಬೇಕಾದ ಕೆಲಸವನ್ನು. "ಈ ಪತ್ರವನ್ನು" ಎಂದಮೇಲೆ "ತೆರೆ" ಅಥವಾ "ಕಳಿಸು". ಕರ್ಮ ಮೊದಲು, ಕ್ರಿಯಾಪದ ಅನಂತರ ಎಂಬ ನಮ್ಮ ವಾಕ್ಯದ ಕ್ರಮವೇ ಅದು.

ಎರಡನೆಯ ಭೇದ ಹೆಚ್ಚು ಗಂಭೀರವಾದುದು. ಹಳೆಯ ಯಂತ್ರ ಸಂದೇಹವಿದ್ದರೆ ಗಂಟೆ ಬಾರಿಸುತ್ತಿತ್ತು. ಹೊಸ ಲಾಂಚರ್ ಸಂದೇಹವಿದ್ದರೆ ಊಹಿಸುತ್ತದೆ. ನೀವು ಹಿಂದೆ ಯಾವುದನ್ನು ಆರಿಸಿದಿರಿ, ಎಷ್ಟು ಸಲ ಆರಿಸಿದಿರಿ ಎಂಬುದನ್ನು ನೆನಪಿಟ್ಟುಕೊಂಡು ಅದನ್ನೇ ಪಟ್ಟಿಯ ತಲೆಗೆ ಏರಿಸುತ್ತದೆ. ಇದರ ಉಪಕಾರ ದೊಡ್ಡದು. ಅಭ್ಯಾಸವಾದ ಕೆಲಸ ಎರಡು ಬೆರಳಿನಲ್ಲಿ ಮುಗಿಯುತ್ತದೆ. ಆದರೆ ಒಂದೇ ಅಕ್ಷರ ನಿಮ್ಮ ಕೈಯಲ್ಲಿ ಒಂದು ಅರ್ಥ, ನಿಮ್ಮ ಮಗನ ಯಂತ್ರದಲ್ಲಿ ಇನ್ನೊಂದು ಅರ್ಥ. ನಿನ್ನೆ ಮೇಲಿದ್ದ ಹೆಸರು ಇಂದು ಕೆಳಗಿಳಿದಿರಬಹುದು. ಬರ್ಕ್‌ಲಿಯಲ್ಲಿ ಹೊಸ ಅಪ್ಪಣೆ ಸೇರಿದಾಗ ಹಳೆಯ ಮೊಟಕು ಕೆಡುತ್ತಿದ್ದ ತೊಡಕು ಇಲ್ಲಿ ಬೇರೆ ರೂಪದಲ್ಲಿ ತಲೆಯೆತ್ತಿದೆ. ಪ್ರೋಗ್ರಾಮನ್ನು ಎಬ್ಬಿಸುವಲ್ಲಿ ತಪ್ಪಿದರೆ ಹಾನಿಯಿಲ್ಲ, ಮುಚ್ಚಿದರಾಯಿತು. ಆದರೆ ಕಡತವನ್ನು ಅಳಿಸುವ, ಪತ್ರವನ್ನು ಕಳಿಸುವ ಅಪ್ಪಣೆಗಳೂ ಇದೇ ಬಗೆಯಲ್ಲಿ ಪೂರೈಕೆಯಾಗುವಾಗ, ಕಣ್ಣಿಗಿಂತ ಮುಂದೆ ಬೆರಳು ಓಡಿದರೆ ಆಡದ ಮಾತಿಗೆ ನಾವೇ ಹೊಣೆಯಾಗುತ್ತೇವೆ.

ಟೆನೆಕ್ಸಿನವರು ಹಾಕಿಕೊಟ್ಟ ಪದ್ಧತಿಯ ಬೆಲೆ ಇಲ್ಲಿ ತಿಳಿಯುತ್ತದೆ. ಕೇಳಿದಾಗ ಪೂರೈಸು, ಸಂದೇಹವಿದ್ದರೆ ತಿಳಿಸು, ಕೇಳಿದರೆ ಪಟ್ಟಿ ಕೊಡು, ಪೂರೈಸಿದ್ದನ್ನು ಒಡೆಯನ ಕಣ್ಣಿಗೆ ತೋರಿಸಿ, ಅವನು ಒಪ್ಪಿದಮೇಲೆ ಕೆಲಸ ಮಾಡು. ಇಂದಿನ ಲಾಂಚರುಗಳು ಮೊದಲ ಎರಡನ್ನು ಸಡಿಲಿಸಿವೆ. ಕೊನೆಯದು ಮಾತ್ರ ಉಳಿದಿದೆ. ಹೆಸರು ಕಣ್ಣೆದುರಿಗೆ ಬಂದಮೇಲೂ ಎಂಟರ್ ಗುಂಡಿಯನ್ನು ಒತ್ತುವವರೆಗೆ ಯಂತ್ರ ಕಾಯುತ್ತದೆ. ಅಧ್ಯಾಹಾರ ಯಂತ್ರದ್ದಾದರೂ ಅಂಗೀಕಾರ ನಮ್ಮದು.

ಇನ್ನು ಕನ್ನಡದ ಮಾತು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆಯಿತು. ಅದರಲ್ಲಿ ಕಾಗುಣಿತದ ಅಕ್ಷರವೊಂದನ್ನು ವ್ಯಂಜನ ಮೊದಲು, ಸ್ವರಚಿಹ್ನೆ ಅನಂತರ ಎಂದು ಬಿಡಿಸಿ ಇಡುತ್ತಾರೆ. ಆದುದರಿಂದ "ತ" ಒಂದನ್ನೇ ಒತ್ತಿದರೂ ತಿದ್ದು, ತೆರೆ, ತೋರಿಸು ಎಲ್ಲವೂ ಹೊಂದಿಬರಬಲ್ಲವು. ಲಿಪಿಯಿಂದ ಅಡ್ಡಿಯಿಲ್ಲ. ಆದರೆ ಪಟ್ಟಿಯಲ್ಲಿಲ್ಲದ ಹೆಸರನ್ನು ಯಂತ್ರ ಎಲ್ಲಿಂದ ಪೂರೈಸೀತು? ಪ್ರೋಗ್ರಾಮಿನ ಹೆಸರು ಕನ್ನಡದಲ್ಲಿ ಇದ್ದರೆ ಮಾತ್ರ ಕನ್ನಡದ ಅರೆನುಡಿಗೆ ಅದು ಓಗೊಡುತ್ತದೆ. ಗ್ನೋಮ್, ಕೆಡಿಇ ಮುಂತಾದ ಲಿನಕ್ಸ್ ಬಳಗಗಳಲ್ಲಿ ಕನ್ನಡದ ಸ್ವಯಂಸೇವಕರು ಕೂಲಿಗೆ ಆಸೆಪಡದೆ ಸಾವಿರಾರು ಮಾತುಗಳನ್ನು ಕನ್ನಡಕ್ಕೆ ತಂದಿದ್ದಾರೆ. ಅಂಥ ಪಟ್ಟಿಗಳು ಬೆಳೆದಷ್ಟೂ ಇಂಗ್ಲಿಷ್ ಬಾರದ ಅಜ್ಜಿಗೂ ಎರಡಕ್ಷರ ಒತ್ತಿ ಕೆಲಸ ಮಾಡಿಸಿಕೊಳ್ಳುವ ದಾರಿ ತೆರೆಯುತ್ತದೆ. ಪೂರ್ಣಪದಗಳನ್ನು ಹೊಸಬರಿಗಾಗಿ ಉಳಿಸಿಕೊಟ್ಟ ಈ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಉಪಯೋಗ ತೋರದು.

ಈ ಸಂಜೆ ನಿಮ್ಮ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತಾಗ ಒಂದು ಪರೀಕ್ಷೆ ಮಾಡಿಸಿ. ಎರಡು ಅಕ್ಷರ ಬರೆದು, ಯಂತ್ರ ತುಂಬಿದ ಹೆಸರನ್ನು ಗಟ್ಟಿಯಾಗಿ ಓದಿ, ಅನಂತರವೇ ಎಂಟರ್ ಒತ್ತುವಂತೆ ಹೇಳಿ. ನಾಲ್ಕು ದಿನ ಹೀಗೆ ಮಾಡಿದರೆ ಓದಿ ಒಪ್ಪುವ ಅಭ್ಯಾಸ ತಾನಾಗಿ ಬರುತ್ತದೆ.